‘ದಂತಕ್ಷಯ’, ‘ಹುಳುಕು’, ‘ಫ್ಲೋರೈಡ್‌ಯುಕ್ತ’: ಒಂದು ಕರಪತ್ರದ ತೊಡಕು

ಅಂಗನವಾಡಿ ತಾಯಂದಿರಿಗಾಗಿ ಎರಡು ಪುಟದ ಕರಪತ್ರವೊಂದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ಒಪ್ಪಿಕೊಂಡಿದ್ದೇನೆ. ವಿಷಯ: ಪುಟ್ಟ ಮಕ್ಕಳ ಹಲ್ಲು ಹಾಳಾಗದಂತೆ ನೋಡಿಕೊಳ್ಳುವುದು. ಸುಲಭದ ಕೆಲಸ ಅಂದುಕೊಂಡಿದ್ದೆ. ಮೂರು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು ‘ದಂತಕ್ಷಯ’. ಪಠ್ಯಪುಸ್ತಕದಲ್ಲೂ ಪತ್ರಿಕೆಯಲ್ಲೂ ಇದೇ ಇರುವುದರಿಂದ ನಾನೂ ಹಾಕಿದ್ದೆ. ಪಾವಗಡದ ಕಡೆಯ ಒಂದು ಅಂಗನವಾಡಿಯಲ್ಲಿ ಕರಡನ್ನು ಓದಿ ಹೇಳಿದಾಗ, ಮೊಮ್ಮಗನನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ ಅಜ್ಜಿ ಗಾಬರಿಯಿಂದ ಕೇಳಿದರು: “ಕ್ಷಯ ಹಲ್ಲಿಗೂ ಬತ್ತದಾ? ಕಫ ಪರೀಕ್ಷೆ ಮಾಡಿಸ್ಬೇಕಾ?” ಅವರ ತಪ್ಪೇನಿಲ್ಲ. ಸಂಸ್ಕೃತದ ‘ಕ್ಷಯ’ಕ್ಕೆ ಸವೆತ, ನಾಶ ಎಂಬ ಅರ್ಥವಿರಬಹುದು. ನಮ್ಮ ಊರುಗಳಲ್ಲಿ ಕ್ಷಯ ಅಂದರೆ ಟಿಬಿ, ಅಷ್ಟೇ.

ಹಾಗಾದರೆ ‘ಹುಳುಕು ಹಲ್ಲು’? ಕಿವಿಗೆ ಇದೇ ಸರಿ. ಹುಳುಕು ಕಡಲೆ, ಹುಳುಕು ಬದನೆಕಾಯಿ ಅಂದ ಹಾಗೆ. ಹೊರಗೆ ಸಣ್ಣ ತೂತು, ಒಳಗೆ ಪೊಳ್ಳು. ಕಣ್ಣಿಗೆ ಕಟ್ಟುವ ಮಾತು. ಆದರೆ ಅದರ ಹೊಟ್ಟೆಯಲ್ಲೊಂದು ಹುಳು ಕೂತಿದೆ (ಹಳಗನ್ನಡದ ಪುೞು). ಉತ್ತರ ಕರ್ನಾಟಕದಲ್ಲಿ ನೇರವಾಗಿಯೇ “ಹಲ್ಲಾಗ ಹುಳ ಬಿದ್ದಾವ” ಅನ್ನುತ್ತಾರೆ. ಇದು ನಮ್ಮೊಬ್ಬರ ಕಲ್ಪನೆಯಲ್ಲ: ಸುಶ್ರುತ ಸಂಹಿತೆಯ ದಂತರೋಗಗಳ ಪಟ್ಟಿಯಲ್ಲಿ ‘ಕೃಮಿದಂತಕ’ ಇದೆ, ಬ್ಯಾಬಿಲೋನಿಯದವರಿಗೂ ಹಲ್ಲಿನ ಹುಳ ಗೊತ್ತಿತ್ತು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ಅದನ್ನು ಅಲ್ಲಗಳೆದ. ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾ ಹುಳಿಯಾಗಿ ಮಾಡುತ್ತವೆ, ಆ ಹುಳಿ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ವಿವರಿಸಿದವನು ಅಮೆರಿಕದ ದಂತವೈದ್ಯ ಮಿಲ್ಲರ್. ಬರೆಯುತ್ತ ಹೊಳೆದದ್ದು: ಹಲ್ಲು ತಿನ್ನುವ ಕಳ್ಳ ‘ಹುಳು’ವಿನ ಪಕ್ಕದ ಮನೆಯ ‘ಹುಳಿ’! ಹುಣಸೆಕಾಯಿ ಕಚ್ಚಿ ಹಲ್ಲು ಚಳಿತ ಅನುಭವ ಎಲ್ಲರಿಗೂ ಇರುವುದರಿಂದ, “ಸಿಹಿ ತಿಂದ ಬಾಯಲ್ಲಿ ಹುಳಿ ಹುಟ್ಟುತ್ತದೆ, ಹುಳಿಯಿಂದ ಹಲ್ಲು ಹುಳುಕಾಗುತ್ತದೆ” ಎಂದು ಬರೆದಿದ್ದೇನೆ. ವ್ಯುತ್ಪತ್ತಿ ಬಲ್ಲವರು ಮುಖ ಸಿಂಡರಿಸಬಹುದು, ತಾಯಂದಿರಿಗೆ ಮಾತ್ರ ತಟ್ಟನೆ ಹತ್ತಿತು.

ನಿಜವಾದ ಕಗ್ಗಂಟು ‘ಫ್ಲೋರೈಡ್‌ಯುಕ್ತ’. “ಫ್ಲೋರೈಡ್‌ಯುಕ್ತ ಟೂತ್‌ಪೇಸ್ಟ್ ಬಳಸಿ” ಅಂದ ಕೂಡಲೇ ಒಬ್ಬ ತಾಯಿ ತಡೆದರು: “ಅದು ಬೇಡಾಂತ ತಾನೇ ಊರಿಗೆ ನೀರಿನ ಘಟಕ ಹಾಕ್ಸಿರೋದು?” ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಎಂದರೆ ಕಂದುಗಟ್ಟಿದ ಹಲ್ಲು, ಬಗ್ಗಿದ ಬೆನ್ನು. ಪತ್ರಿಕೆಯ ‘ಫ್ಲೋರೈಡ್‌ಯುಕ್ತ ನೀರು’ ವಿಷದ ಹೆಸರಾದರೆ, ನನ್ನ ‘ಫ್ಲೋರೈಡ್‌ಯುಕ್ತ’ ಪೇಸ್ಟ್ ಮದ್ದಿನ ಹೆಸರು ಆಗುವುದು ಹೇಗೆ? ‘ಯುಕ್ತ’ ಎಷ್ಟು ಎಂಬುದನ್ನು ಹೇಳುವುದೇ ಇಲ್ಲ, ಇಲ್ಲಿ ಎಲ್ಲ ಇರುವುದು ಆ ಎಷ್ಟರಲ್ಲಿ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ನಮ್ಮ ದೇಶದಲ್ಲಿ ಪೇಸ್ಟಿಗೆ 1000 ಪಿಪಿಎಂ ಮಿತಿ, ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಎಂದರೆ ಸುಮಾರು 0.1 ಮಿಲಿಗ್ರಾಂ; ಅದೂ ಕುಡಿಯಲಿಕ್ಕಲ್ಲ, ಹಲ್ಲಿಗೆ ಸವರಲಿಕ್ಕೆ, ಹುಳಿಗೆ ಕರಗಿಹೋದ ಹಲ್ಲಿನ ಖನಿಜ ಮತ್ತೆ ಕೂರಲಿ ಎಂದು. ಸದ್ಯಕ್ಕೆ “ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್” ಎಂದು ಅಳತೆಯನ್ನು ಹೆಸರಿಗೇ ಅಂಟಿಸಿದ್ದೇನೆ. ಫ್ಲೋರೈಡ್ ನೀರಿನ ಊರುಗಳ ಪ್ರತಿಯಲ್ಲಿ “ಹಲ್ಲಿನ ವೈದ್ಯರನ್ನು ಕೇಳಿ” ಎಂಬ ಸಾಲು ಬೇರೆ ಸೇರುತ್ತದೆ.

ಅಳತೆಯಲ್ಲೂ ಜಗಳ ಬಂತು. ಅಕ್ಕಿಕಾಳು ಸರಿ, ‘ಅಗುಳು’ ಅಂದರೆ ಬೆಂದು ಉಬ್ಬಿದ್ದು, ಬೇಡ. ಮೂರರಿಂದ ಆರು ವರ್ಷದವರಿಗೆ ‘ಬಟಾಣಿಯಷ್ಟು’ ಎಂದು ಬರೆದರೆ, ಒಣ ಬಟಾಣಿಯೋ ಹಸಿಯದೋ? ನೆನೆಸಿದರೆ ಎರಡರಷ್ಟಾಗುವ ಕಾಳು ಅಳತೆಗೋಲಾಗಲು ಲಾಯಕ್ಕಲ್ಲ. ‘ಕಡಲೆಕಾಳಿನಷ್ಟು’ ಅನ್ನೋಣವೇ ಎಂದರೆ ಅದನ್ನೂ ನೆನೆಸುತ್ತಾರೆ.

‘ಹಾಲುಹಲ್ಲು’ ಬಗ್ಗೆ ತಕರಾರಿಲ್ಲ, ಚೆಂದದ ಪದ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿಗೆ ಮೇಲಿನ ಮುಂದಿನ ಹಾಲುಹಲ್ಲೇ ಮೊದಲು ಹುಳುಕಾಗುವುದು. “ಹೆಂಗೂ ಬಿದ್ದೋಗೋ ಹಲ್ಲು” ಎನ್ನುವವರಿಗೆ, ಹಿಂದಿನ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರುತ್ತವೆ ಎಂದು ಸೇರಿಸಿದ್ದೇನೆ.

ಈಗ ನನ್ನ ಪ್ರಶ್ನೆಗಳು. ‘ಹಲ್ಲುಜ್ಜು’ ಬರೆಯಲೋ ‘ಹಲ್ಲು ತಿಕ್ಕು’ ಬರೆಯಲೋ? ಎರಡನೆಯದು ಹೆಚ್ಚು ಕಡೆ ನಡೆಯುತ್ತದೆ, ಆದರೆ ಪಾತ್ರೆ ತಿಕ್ಕಿದ ಹಾಗೆ ಮಗುವಿನ ಒಸಡು ತಿಕ್ಕಿಬಿಟ್ಟಾರೆಂಬ ಅಳುಕು. ಹಾಗೆಯೇ, ಪೇಸ್ಟಿನ ನೊರೆ ಉಗುಳಿದರೆ ಸಾಕು, ನೀರು ಹಾಕಿ ತೊಳೆದರೆ ಫ್ಲೋರೈಡ್ ಕೊಚ್ಚಿಹೋಗುತ್ತದೆ ಎನ್ನಬೇಕು. “ಬಾಯಿ ಮುಕ್ಕಳಿಸಬೇಡಿ” ಎಂದು ಬರೆದಾಗ, ಮುಕ್ಕಳಿಸದೆ ಎಂಜಲು ಬಾಯಲ್ಲಿ ಕಾಫಿ ಕುಡಿಯೋದಾ ಎಂದು ನನ್ನ ಮನೆಯವರೇ ನಕ್ಕರು. ನಿಮ್ಮ ಕಡೆ ಇದಕ್ಕೆ ಬರೀ ‘ಉಗುಳು’ ಅನ್ನುವುದಕ್ಕಿಂತ ಮೆದುವಾದ ಮಾತಿದ್ದರೆ ತಿಳಿಸಿ. ಸೋಮವಾರ ಅಚ್ಚಿಗೆ ಕೊಡಬೇಕು.