ಹುಲ್ಲುಹಾಸು: ‘ಕೊಯ್ಯು’ವುದೋ ‘ಸವರು’ವುದೋ?

ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಅಪಾರ್ಟ್‌ಮೆಂಟೊಂದರ ಮಾಲಿಗಳಿಗಾಗಿ ಫಲಕ, ಇಂದು ಸಂಜೆ ಅಚ್ಚಿಗೆ ಹೋಗಬೇಕು. ‘ಮೋಯಿಂಗ್’ (ಹುಲ್ಲುಹಾಸನ್ನು ಸಮನಾಗಿ ಕತ್ತರಿಸುವುದು), ‘ಸ್ಕಾಲ್ಪಿಂಗ್’ (ಬುಡದವರೆಗೆ ಕತ್ತರಿಸಿಬಿಡುವುದು), ‘ಥ್ಯಾಚ್’ (ಬುಡದಲ್ಲಿ ಕಟ್ಟುವ ಸತ್ತ ಹುಲ್ಲಿನ ಪದರ) ಮೂರಕ್ಕೂ ಪದ ಬೇಕು. ಕರಡು: “ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಯ್ಯಬೇಡಿ. ನೆತ್ತಿ ಸುಲಿಯಬೇಡಿ. ಸೋಗೆ ಕಟ್ಟಲು ಬಿಡಬೇಡಿ.” ಕೊನೆಯೆರಡು ನನಗೇ ನಗು ತರಿಸುತ್ತಿವೆ.

ಶಿರಸಿ:
‘ಕೊಯ್ಯು’ ತಪ್ಪು. ಕೊಯ್ದದ್ದು ಮನೆಗೆ ಬರುತ್ತದೆ: ಭತ್ತ, ಹೂವು, ದನದ ಹುಲ್ಲು. ಇಲ್ಲಿ ಬೇಕಾದದ್ದು ಕತ್ತರಿಸಿದ್ದಲ್ಲ, ಉಳಿದದ್ದು. ಬೇಲಿ ಸವರುತ್ತೇವೆ, ಕೊಂಬೆ ಸವರುತ್ತೇವೆ, ಇದೂ ಅಷ್ಟೇ. ಎರಡನೆಯದಕ್ಕೆ ‘ಬೋಳಿಸು’ ಇರುವಾಗ ನೆತ್ತಿಯೇಕೆ? ಬರೀ ಭಿನ್ನರಾಶಿ ಬರೆದರೆ ಯಾರೂ ಅಳೆಯುವುದಿಲ್ಲ, ಲೆಕ್ಕ ಕೊಡಿ. 40 ಮಿ.ಮೀ. ಉಳಿಸಬೇಕಾದರೆ 60 ಮುಟ್ಟಿದಾಗ ಸವರಬೇಕು. ಮಳೆಗೆ 120 ಆಗಿದ್ದರೆ ಮೊದಲು 80ಕ್ಕೆ, ಮೂರು ನಾಲ್ಕು ದಿನ ಬಿಟ್ಟು 55ಕ್ಕೆ, ಆಮೇಲೆ 40ಕ್ಕೆ. ಒಂದೇ ಏಟಿಗೆ ಇಳಿಸಿದರೆ ಎಲೆಯೆಲ್ಲ ಹೋಗಿ ದಂಟು ಉಳಿಯುತ್ತದೆ, ಬೇರಿನ ಬೆಳವಣಿಗೆ ನಿಲ್ಲುತ್ತದೆ, ಬಿಸಿಲು ನೆಲ ಮುಟ್ಟಿ ಕಳೆ ಮೊಳೆಯುತ್ತದೆ.

ಧಾರವಾಡ:
ಸವರೂದು ಎಣ್ಣಿ. ಹುಲ್ಲಿಗೆ ಎಣ್ಣಿ ಹಚ್ಚತೀರೇನು? ‘ಗರಿ’ಯಿಂದ ‘ಗರಿಕೆ’, ಆದ್ದರಿಂದ ‘ಗರಿಗೊಯ್ತ’ ಅಪ್ಪಟ ಕನ್ನಡ. ‘ಯಂತ್ರ’ ಬಳಸಿದ್ದರೆ ಅದನ್ನೂ ತೆಗೀರಿ, ಸಂಸ್ಕೃತ.

ಮೈಸೂರು:
ತೆಲುಗಿನಲ್ಲಿ ಗರಿಕ, ಮಲಯಾಳದಲ್ಲಿ ಕರುಕ. ‘ಗರಿ’ಗೆ ಪ್ರತ್ಯಯ ಅಂಟಿಸುವ ಮುನ್ನ ಅವನ್ನೂ ನೋಡಬಹುದಿತ್ತು. ಇರಲಿ. ‘ಸೋಗೆ’ ಬೇಡವೇ ಬೇಡ, ಮಾಲಿ ಸೂರು ನೋಡಿಯಾನು. ಹಸಿರಿಗೂ ಮಣ್ಣಿಗೂ ನಡುವೆ ಸತ್ತ ದಂಟು, ಬೇರು ಸೇರಿ ಮೆತ್ತೆಯಾಗುತ್ತದಲ್ಲ, ಅದು ‘ಒಣಮೆತ್ತೆ’. 12 ಮಿ.ಮೀ. ದಾಟಿದರೆ ನೀರು, ಗೊಬ್ಬರ ಸರಿಯಾಗಿ ಕೆಳಗಿಳಿಯವು, ಕೆದರಿ ತೆಗೆಯಬೇಕು. ಸವರಿದ ಚೂರುಗಳಿಂದ ಅದು ಆಗುತ್ತದೆಂದು ಮಾತ್ರ ಬರೆಯಬೇಡಿ. ಸಣ್ಣ ಚೂರು ಬೇಗ ಕೊಳೆತು ಸಾರಜನಕವನ್ನು ನೆಲಕ್ಕೇ ಮರಳಿಸುತ್ತದೆ. ಒದ್ದೆಯಿದ್ದಾಗ ಸವರಿದರೆ ಮುದ್ದೆ ಕಟ್ಟುತ್ತದೆ, ಆ ಮುದ್ದೆಯನ್ನು ಬಾಚಲೇಬೇಕು.

ಬೆಂಗಳೂರು:
ಸವರು, ಬೋಳಿಸು, ಒಣಮೆತ್ತೆ: ಮೂರೂ ಹಾಕಿದೆ. ಇನ್ನೊಂದು: ‘ಬ್ಲೇಡ್’ ಅಂತಲೇ ಬಿಡಲೇ?

ಧಾರವಾಡ:
ಅಲಗು. ಇದರಾಗ ಚರ್ಚೆ ಏನಿಲ್ಲ.

ಶಿರಸಿ:
ಅಂಗಡಿಯಲ್ಲಿ ‘ಅಲಗು’ ಕೇಳಿದ ಮಾಲಿ ಬರಿಗೈಯಲ್ಲಿ ವಾಪಸು. “ಬ್ಲೇಡಿಗೆ ಸಾಣೆ ಹಿಡಿಸಿ” ಎನ್ನಿ. ಮೊಂಡು ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಒಂದೆರಡು ದಿನದಲ್ಲಿ ತುದಿ ಬಿಳಿಚಿ ಒಣಗುತ್ತದೆ. ಎರಡೂ ತುದಿಯನ್ನು ಸಮನಾಗಿ ಸವೆಸಬೇಕು, ಇಲ್ಲದಿದ್ದರೆ ತೂಕ ಏರುಪೇರಾಗಿ ಮಿಷನ್ನು ಅದುರುತ್ತದೆ. ಪೆಟ್ರೋಲ್ ಮಿಷನ್ನಾದರೆ ಬ್ಲೇಡ್ ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರು ಕೀಳಬೇಕು. ಇದನ್ನು ದಪ್ಪಕ್ಷರದಲ್ಲಿ ಹಾಕಿ.

ಧಾರವಾಡ:
ಮಿಷನ್ನು, ಬ್ಲೇಡು, ವೈರು! ಇದರಾಗ ಕನ್ನಡ ಎಲ್ಲೈತಿ?

ಮೈಸೂರು:
‘ಸಾಣೆ’ಯೂ ಸಂಸ್ಕೃತದ ‘ಶಾಣ’. ತೆಗೆಯೋಣವೇ?

ಧಾರವಾಡ:
ಅದು ತದ್ಭವ. ತದ್ಭವ ನಮ್ಮದ.

ಮೈಸೂರು:
‘ಮಿಷನ್ನು’ ಕೂಡ ನಮ್ಮ ಉಕಾರ ಹಚ್ಚಿಕೊಂಡೇ ಬಂದಿದೆ, ಸ್ವಾಮಿ.

ಬೆಂಗಳೂರು:
ಅಚ್ಚಿನವರು ಕಾಯುತ್ತಿದ್ದಾರೆ. ಮರದ ನೆರಳಿಗೂ 40 ಸಾಕೇ?

ಶಿರಸಿ:
ಸಾಲದು. ಇನ್ನೂ 10–15 ಮಿ.ಮೀ. ಹೆಚ್ಚಿಗೆ ಉಳಿಸಲಿ. ದಟ್ಟ ನೆರಳಾದರೆ ಗರಿಕೆ ಹೇಗೂ ಬಾಳುವುದಿಲ್ಲ.