ಶುಲ್ಕ ಕಟ್ಟಿ ಕಥಾಸ್ಪರ್ಧೆಗೆ ಕಳಿಸುವುದು ಸರಿಯೇ?

ಹೊಸ ಕತೆಗಾರ್ತಿ:
ಎಲ್ಲರಿಗೂ ನಮಸ್ಕಾರ. ವಾಟ್ಸಾಪ್‌ನಲ್ಲಿ ರಾಜ್ಯಮಟ್ಟದ ಕಥಾಸ್ಪರ್ಧೆಯೊಂದರ ಪೋಸ್ಟರ್ ಓಡಾಡುತ್ತಿದೆ. ಪ್ರವೇಶ ಶುಲ್ಕ 350 ರೂ., ಯುಪಿಐ ಮೂಲಕ ಹಾಕಿ ಸ್ಕ್ರೀನ್‌ಶಾಟ್ ಕಳಿಸಬೇಕು. ಬಹುಮಾನ 5,000, 3,000, 2,000. ಆಯ್ಕೆಯಾದ ಕಥೆಗಳೆಲ್ಲ ಐಎಸ್‌ಬಿಎನ್ ಇರುವ ಸಂಕಲನದಲ್ಲಿ ಬರುತ್ತವಂತೆ, ಎಲ್ಲರಿಗೂ ಇ-ಪ್ರಮಾಣಪತ್ರವಂತೆ. ಇನ್ನೊಂದು ಕಡೆ ಇಂಗ್ಲೆಂಡಿನ ಬ್ರಿಡ್‌ಪೋರ್ಟ್ ಸ್ಪರ್ಧೆಯ ವಿಷಯ ಕೇಳಿದೆ. ಎರಡು ಅಪ್ರಕಟಿತ ಕಥೆಗಳಿವೆ, ಒಂದರ ಇಂಗ್ಲಿಷ್ ಅನುವಾದವೂ ಸಿದ್ಧವಿದೆ. ಯಾವುದಕ್ಕೆ ದುಡ್ಡು ಹಾಕಬಹುದು, ಹೇಳಿ.

ಕರಡು ತಿದ್ದುವವ:
ಮೇಡಂ, ಕನ್ನಡದಲ್ಲಿ ಬರೆಯುವವರು ಮೊದಲು ಒಂದು ಮಾತು ತಿಳಿದಿರಬೇಕು. ನಮ್ಮಲ್ಲಿ ಹೆಸರು ತಂದುಕೊಡುವ ಸ್ಪರ್ಧೆಗಳಿಗೆ ಶುಲ್ಕವೇ ಇಲ್ಲ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ ಇಲ್ಲ. ಇನ್ನೂ ಸಂಕಲನ ತರದ ಕತೆಗಾರರ ಹಸ್ತಪ್ರತಿಗೆ ಕೊಡುವ ಛಂದ ಪುಸ್ತಕ ಬಹುಮಾನಕ್ಕೆ ಇಲ್ಲ. ಬೆಂಗಳೂರಿನ ಟೋಟೋ ಫಂಡ್ಸ್ ದಿ ಆರ್ಟ್ಸ್ ಸಂಸ್ಥೆ ಮೂವತ್ತರೊಳಗಿನವರಿಗೆ ಕೊಡುವ ಕನ್ನಡ ಸೃಜನಶೀಲ ಬರವಣಿಗೆಯ ಪ್ರಶಸ್ತಿಗೂ ಇಲ್ಲ. ಈ ದಾರಿಗಳು ತೆರೆದಿರುವಾಗ 350 ರೂಪಾಯಿ ಕೇಳುವವರು ಅದಕ್ಕೆ ಪ್ರತಿಯಾಗಿ ಏನು ಕೊಡುತ್ತಾರೆ ಎಂದು ಕೇಳುವುದು ನ್ಯಾಯವೇ.

ಲೆಕ್ಕ ಹಾಕಿ ನೋಡಿ. 300 ಜನ ಸೇರಿದರೆಂದು ಇಟ್ಟುಕೊಳ್ಳಿ. 300 × 350 = 1,05,000 ರೂ. ಬಹುಮಾನಕ್ಕೆ ಹೋಗುವುದು ಒಟ್ಟು 10,000. ಸಂಕಲನ ಅಚ್ಚಾದರೂ ಅದನ್ನು ಕೊಳ್ಳುವವರು ಹೆಚ್ಚಾಗಿ ಅದರಲ್ಲಿ ಬರೆದವರೇ, ಅಂದರೆ ಖರ್ಚು ಮತ್ತೆ ನಿಮ್ಮ ಕೈಯಿಂದಲೇ. 'ಆಯ್ಕೆಯಾದ' ಎಂಬ ಪದ ನೋಡಿ: ಎಷ್ಟು ಬಂದವು, ಎಷ್ಟನ್ನು ಆರಿಸಿದರು ಎಂದು ಹೇಳದಿದ್ದರೆ ಅದು ಆಯ್ಕೆಯಲ್ಲ, ನೋಂದಣಿ.

ಐಎಸ್‌ಬಿಎನ್ ಕಂಡು ಮರುಳಾಗಬೇಡಿ. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಪ್ರಕಾಶಕರಿಗೂ ಸ್ವಂತವಾಗಿ ಪ್ರಕಟಿಸುವ ಲೇಖಕರಿಗೂ ಉಚಿತವಾಗಿ ಕೊಡುತ್ತದೆ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ ಅಷ್ಟೇ, ಗುಣಮಟ್ಟದ ಮುದ್ರೆಯಲ್ಲ.

ಹಣ ಹಾಕುವ ಮೊದಲು ಪೋಸ್ಟರ್‌ನಲ್ಲಿ ತೀರ್ಪುಗಾರರ ಹೆಸರಿದೆಯೇ ನೋಡಿ. 'ನುರಿತ ತೀರ್ಪುಗಾರರು' ಎಂದಷ್ಟೇ ಇದ್ದರೆ ಬಿಟ್ಟುಬಿಡಿ. ಹಿಂದಿನ ವರ್ಷದ ವಿಜೇತರ ಕಥೆ ಎಲ್ಲಾದರೂ ಓದಲು ಸಿಗುತ್ತದೆಯೇ ಹುಡುಕಿ, ಸಿಕ್ಕರೆ ಎರಡು ಪುಟ ಓದಿ. ಆ ಸಾಲಿನಲ್ಲಿ ನಿಮ್ಮ ಕಥೆ ಕೂರಬೇಕೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಯುಪಿಐ ತೆರೆದಾಗ ಸಂಸ್ಥೆಯ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರು ಬಂದರೆ ರಸೀದಿ ಕೊಡುತ್ತೀರಾ ಎಂದು ಕೇಳಿ. ಫಲಿತಾಂಶದ ದಿನಾಂಕ ಬರೆದಿರಬೇಕು. ಇಲ್ಲದಿದ್ದರೆ ನಿಮ್ಮ ಕಥೆ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ದೀಪಾವಳಿ ಸ್ಪರ್ಧೆಯ ಗಡುವು ದಾಟಿರುತ್ತದೆ. 350 ರೂಪಾಯಿಗಿಂತ ದೊಡ್ಡ ನಷ್ಟ ಅದು.

ಹಕ್ಕುಸ್ವಾಮ್ಯ:
ಹಕ್ಕಿನ ವಿಷಯ ಸೇರಿಸುತ್ತೇನೆ. ಎಷ್ಟೋ ಪೋಸ್ಟರ್‌ಗಳಲ್ಲಿ ಕೊನೆಗೆ ಸಣ್ಣಕ್ಷರದಲ್ಲಿ 'ಬಂದ ಎಲ್ಲ ಕಥೆಗಳ ಹಕ್ಕು ಸಂಘಟಕರದ್ದು' ಎಂಬ ಸಾಲಿರುತ್ತದೆ. ಗೆದ್ದವರದ್ದಷ್ಟೇ ಅಲ್ಲ, ಬಂದ ಎಲ್ಲರದ್ದೂ! 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿದ್ದು, ಕೊಡುವವರ ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದ ಪೋಸ್ಟರ್‌ನ ಒಂದು ಸಾಲಿನಿಂದ ನಿಮ್ಮ ಕಥೆ ಕೈತಪ್ಪಿ ಹೋಯಿತೆಂದು ಹೆದರಬೇಕಿಲ್ಲ. ಆದರೆ 'ಒಪ್ಪಿಗೆ ಪತ್ರ' ಎಂದು ಸಹಿ ಮಾಡಿಸಿಕೊಂಡರೆ ಓದದೆ ಸಹಿ ಹಾಕಬೇಡಿ. 'ಈ ಸಂಕಲನದಲ್ಲಿ ಒಮ್ಮೆ ಪ್ರಕಟಿಸಲು ಅನುಮತಿ, ಉಳಿದ ಹಕ್ಕು ಲೇಖಕರದ್ದು' ಎಂದಿದ್ದರೆ ಸಾಕು. ಅನುವಾದ, ಆಡಿಯೊ, ಸಿನಿಮಾ ಹಕ್ಕು ಅದರಲ್ಲಿ ಸೇರಿದ್ದರೆ ಆ ಸಾಲು ಹೊಡೆದು ಕಳಿಸಿ.

ಎರಡು ಭಾಷೆ:
ವಿದೇಶದ ಸ್ಪರ್ಧೆಗಳ ರೀತಿಯೇ ಬೇರೆ. ಅಲ್ಲಿ ಶುಲ್ಕ ಅನ್ನುವುದು ವಂಚನೆಯ ಗುರುತಲ್ಲ, ತೀರ್ಪುಗಾರರ ಸಂಭಾವನೆ, ಮೊದಲ ಸುತ್ತಿನ ಓದುಗರ ಖರ್ಚು, ಬಹುಮಾನದ ಹಣ ಎಲ್ಲ ಬಹುಪಾಲು ಅದರಿಂದಲೇ ನಡೆಯುತ್ತದೆ. ಬ್ರಿಡ್‌ಪೋರ್ಟ್ 1973ರಿಂದ ಇದೆ. ಸಣ್ಣಕಥೆಗೆ 5,000 ಪದಗಳ ಮಿತಿ, ಮೊದಲ ಬಹುಮಾನ 5,000 ಪೌಂಡ್. ಶುಲ್ಕ ಕಥೆಯೊಂದಕ್ಕೆ ಸುಮಾರು 14 ಪೌಂಡ್. ಪೌಂಡಿಗೆ 115 ರೂಪಾಯಿಯಂತೆ 1,610 ರೂ. ಕಾರ್ಡಿನ ವಿದೇಶಿ ವಹಿವಾಟು ಶುಲ್ಕ 3.5 ಶೇಕಡ ಇದ್ದರೆ ಇನ್ನೊಂದು 56, ಅದರ ಮೇಲೆ 18 ಶೇಕಡ ಜಿಎಸ್‌ಟಿ 10. ಒಟ್ಟು 1,676 ರೂ. (ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿ ಆನ್ ಮಾಡದಿದ್ದರೆ ಕೊನೆಯ ರಾತ್ರಿ ಪಾವತಿ ತಿರಸ್ಕೃತವಾಗುತ್ತದೆ, ನೆನಪಿರಲಿ.) ಅಷ್ಟು ಹಣಕ್ಕೆ ಏಳೆಂಟು ಕನ್ನಡ ಕಥಾಸಂಕಲನ ಬರುತ್ತವೆ. ಮೊದಲ ಸುತ್ತು ದಾಟುವ ಕಥೆ ಎಂಬ ನಂಬಿಕೆ ಇನ್ನೂ ಬರದಿದ್ದರೆ ಪುಸ್ತಕವೇ ಮೇಲು.

ಇನ್ನೊಂದು ತೊಡಕಿದೆ. ಇಂಥ ಸ್ಪರ್ಧೆಗಳಲ್ಲಿ ಹಲವು ಇಂಗ್ಲಿಷಿನಲ್ಲೇ ಬರೆದ ಮೂಲಕೃತಿಯನ್ನಷ್ಟೇ ತೆಗೆದುಕೊಳ್ಳುತ್ತವೆ. ನಿಮ್ಮದು ಅನುವಾದ. ಆದ್ದರಿಂದ ನಿಮಗೆ ಹೇಳಿಮಾಡಿಸಿದ್ದು ಕಾಮನ್‌ವೆಲ್ತ್ ಸಣ್ಣಕಥಾ ಪ್ರಶಸ್ತಿ. ಪ್ರವೇಶ ಉಚಿತ. 2,000ದಿಂದ 5,000 ಪದ, ಅಪ್ರಕಟಿತವಾಗಿರಬೇಕು, ಇಂಗ್ಲಿಷಿಗೆ ಅನುವಾದವಾದ ಕಥೆಯೂ ನಡೆಯುತ್ತದೆ. ಗೆದ್ದರೆ ಅನುವಾದಕರಿಗೆ ಬೇರೆಯೇ ಬಹುಮಾನವಿದೆ. ಪ್ರಾದೇಶಿಕ ವಿಜೇತರಿಗೆ 2,500 ಪೌಂಡ್, ಒಟ್ಟಾರೆ ವಿಜೇತರಿಗೆ 5,000. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ತೆರೆದು ನವೆಂಬರ್ 1ಕ್ಕೆ ಮುಚ್ಚುತ್ತದೆ. ಏಳು ಸಾವಿರಕ್ಕೂ ಹೆಚ್ಚು ಕಥೆ ಬರುವುದರಿಂದ ಗೆಲ್ಲುವುದು ಕಷ್ಟವೇ. ಆದರೆ ಸೋತರೆ ಕಳೆದುಕೊಳ್ಳುವ ಹಣವೇನೂ ಇಲ್ಲ.

ಹೊಸ ಕತೆಗಾರ್ತಿ:
ಎಲ್ಲರಿಗೂ ಧನ್ಯವಾದ. ಹಾಗಾದರೆ 350ರದ್ದು ಬಿಟ್ಟೆ. ಒಂದು ಕಥೆ ದೀಪಾವಳಿ ಸ್ಪರ್ಧೆಗೆ, ಅನುವಾದವಾದದ್ದು ಕಾಮನ್‌ವೆಲ್ತ್‌ಗೆ. ಅನುವಾದವಾದ ಕಥೆಯ ಮೊದಲ ಎರಡು ಪ್ಯಾರಾ ಫೇಸ್‌ಬುಕ್‌ನಲ್ಲಿ ಹಾಕಿದ್ದೇನೆ, ತೊಂದರೆಯೇ? ಇನ್ನೊಂದು, ಕನ್ನಡ ಕಥೆಗಳನ್ನು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದೇನೆ, ಆ ಫೈಲನ್ನೇ ಕಳಿಸಬಹುದೇ?

ಕರಡು ತಿದ್ದುವವ:
ಈಗಲೇ ತೆಗೆದುಬಿಡಿ. ಫೇಸ್‌ಬುಕ್, ಬ್ಲಾಗ್, ಪ್ರತಿಲಿಪಿ ಆ್ಯಪ್‌ನಲ್ಲಿ ಹಾಕಿದ್ದನ್ನೂ ಹಲವರು 'ಪ್ರಕಟಿತ' ಎಂದೇ ಎಣಿಸುತ್ತಾರೆ. ಅನುಮಾನವಿದ್ದರೆ ಸಂಘಟಕರಿಗೆ ಮೇಲ್ ಹಾಕಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ನುಡಿಯ ಹಳೆಯ ಅಕ್ಷರದ ಫೈಲನ್ನು ಹಾಗೇ ಕಳಿಸಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿಹ್ನೆಗಳು ಕಾಣುತ್ತವೆ. ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು 'ಫೇಸ್‌ಬುಕ್' ಥರದ ಪದಗಳನ್ನು ಒಂದೊಂದಾಗಿ ನೋಡಿ. ಪರಿವರ್ತನೆಯಲ್ಲಿ ಕೆಡುವುದು ಇವೇ. ಹೆಸರು ಬರೆಯಬಾರದೆಂಬ ನಿಯಮವಿದ್ದರೆ ಮೊದಲ ಪುಟ, ಹೆಡರ್, ಫೈಲಿನ ಹೆಸರು ಮೂರೂ ಕಡೆ ಅಳಿಸಿ. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರು ತಾನಾಗಿಯೇ ಉಳಿದಿರುತ್ತದೆ, ಅದನ್ನೂ ತೆಗೆದು ಪಿಡಿಎಫ್ ಮಾಡಿ, ಫೋನಿನಲ್ಲಿ ಒಮ್ಮೆ ತೆರೆದು ನೋಡಿ ಕಳಿಸಿ.