ರವಿಕೆಯ ‘ಆಲ್ಟರೇಷನ್’ಗೆ ಬೋರ್ಡಿನಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ:

ಬಳಗದ ಹಿರಿಯರಿಗೆ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ 19 ವರ್ಷ ಮುಚ್ಚಿಟ್ಟಿದ್ದ, ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರವನ್ನು ಈ ಮಳೆಗಾಲ ಕಳೆದ ಮೇಲೆ ಮತ್ತೆ ಹೊರಗೆ ತೆಗೆದಿದ್ದೇನೆ. ಮಲೆನಾಡಿನ ಥಂಡಿಗೆ ಶಟಲ್ಲಿನ ಸುತ್ತ ಹಿಡಿದಿದ್ದ ತುಕ್ಕನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸಡಿಲವಾಗಿದ್ದ ಚರ್ಮದ ಬೆಲ್ಟನ್ನು ಒಂದಿಂಚು ಕತ್ತರಿಸಿ ಕೊಂಡಿ ಸಿಕ್ಕಿಸಿದ ಮೇಲೆ ಚಕ್ರ ಸರಾಗವಾಗಿ ತಿರುಗುತ್ತಿದೆ, ಕೈಯೂ ಹಳೆಯ ಹದಕ್ಕೆ ಬರುತ್ತಿದೆ.

ಅಕ್ಕಪಕ್ಕದವರು ಬಟ್ಟೆ ತರತೊಡಗಿದ್ದರಿಂದ ಗೇಟಿಗೊಂದು ಸಣ್ಣ ಬೋರ್ಡು ಹಾಕಬೇಕೆಂದಿದ್ದೇನೆ, ಅದನ್ನು ಬರೆಯುವವರು ಸೋಮವಾರ ಬರುತ್ತಾರೆ. ‘ಸೀರೆಗೆ ಫಾಲ್ಸ್ ಹಚ್ಚಿ, ಕುಚ್ಚು ಕಟ್ಟಿಕೊಡಲಾಗುವುದು’ ಎಂಬಲ್ಲಿಯವರೆಗೆ ತೊಡಕಿಲ್ಲ. ಮುಂದಿನ ಸಾಲಿನಲ್ಲಿ ಎಲ್ಲರೂ ‘ಆಲ್ಟರೇಷನ್’ ಎಂದು ಬರೆಸುತ್ತಾರೆ, ನನಗೆ ಅದಕ್ಕೊಂದು ಕನ್ನಡದ ಮಾತು ಬೇಕಾಗಿದೆ. ‘ತಿದ್ದುಪಡಿ’ ಎಂದರೆ ಕಾಯಿದೆ ಕಾನೂನಿನ ನೆನಪಾಗುತ್ತದೆ. ‘ಮಾರ್ಪಾಡು’ ಎಂದರೆ ಬಟ್ಟೆಯ ರೂಪವೇ ಬೇರೆಯಾದಂತೆ ಕೇಳಿಸುತ್ತದೆ. ‘ರಿಪೇರಿ’ ಎಂಬುದೂ ಸರಿಹೋಗದು, ಏಕೆಂದರೆ ನನ್ನ ಬಳಿಗೆ ಬರುವ ಬಟ್ಟೆ ಹರಿದದ್ದಲ್ಲ, ಮೈಗೆ ಒಗ್ಗದೆ ಹೋದದ್ದು. ತಿಳಿದವರು ದಯವಿಟ್ಟು ಬೇಗ ತಿಳಿಸಬೇಕು.

ಸಾಗರದಿಂದ ಬಂದ ಉತ್ತರ:

‘ಮರುಹೊಲಿಗೆ’ ಎಂದು ಬರೆಸಿರಿ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ. ಹಳಗನ್ನಡದ ‘ಪೊಲಿ’ ಧಾತು ಪಕಾರವನ್ನು ಹಕಾರಕ್ಕೆ ಬಿಟ್ಟುಕೊಟ್ಟು ‘ಹೊಲಿ’ಯಾಗಿ ಇಂದಿಗೂ ಪ್ರತಿ ಮನೆಯಲ್ಲಿ ಬದುಕಿರುವಾಗ, ಮರುಮದುವೆ, ಮರುಹುಟ್ಟುಗಳಲ್ಲಿ ಕಾಣುವ ‘ಮರು’ವೂ ಅಚ್ಚಗನ್ನಡದ್ದೇ ಆಗಿರುವಾಗ, ಎರಡನ್ನೂ ಕೂಡಿಸಲು ನಾವು ಹಿಂಜರಿಯಬೇಕಾದ ಕಾರಣ ನನಗೆ ತಿಳಿಯದು. ‘ಆಲ್ಟರೇಷನ್ ಕೆಲಸ’ ಎಂಬುದು ಕನ್ನಡ ಪದಕ್ಕೆ ಬೇರೆ ಭಾಷೆಯ ಪದವನ್ನು ಬೆಸೆದ ಅರಿಸಮಾಸ, ಅದು ಬೇಡ. ಖಾಸಗಿಯಾಗಿ ನನಗೆ ಬರೆದವರೊಬ್ಬರು ‘ಪರಿವರ್ತನೆ’ಯನ್ನು ಸೂಚಿಸಿದ್ದಾರೆ, ಅದು ಪರಿಶೀಲನೆಗೂ ಯೋಗ್ಯವಲ್ಲ. ಬೋರ್ಡಿಗೆ ಏರಿದ ಒಂದೊಂದು ಪರಪದವೂ ಒಂದು ಕನ್ನಡ ಪದವನ್ನು ಬಾಯಿಂದ ಇಳಿಸುತ್ತದೆ ಎಂಬುದನ್ನು ಬರೆಸುವ ಮುನ್ನ ಯೋಚಿಸಿರಿ.

ಪ್ರಶ್ನೆ ಕೇಳಿದವರಿಂದ:

ತಮ್ಮ ಕಾಳಜಿಗೆ ಕೃತಜ್ಞಳಾಗಿದ್ದೇನೆ, ಆದರೆ ‘ಮರುಹೊಲಿಗೆ’ಯನ್ನು ಒಪ್ಪಲಾರೆ. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ, ಕೆಲಸದ ದೃಷ್ಟಿಯಿಂದ ತಪ್ಪಿದೆ.

ಮೊನ್ನೆ ಪಕ್ಕದ ಮನೆಯ ಅಜ್ಜಿಯೊಬ್ಬರು ಬಿಗಿಯಾದ ರವಿಕೆಯೊಂದನ್ನು ತಂದರು. ಮಗುಚಿ ನೋಡಿದರೆ ಎರಡೂ ಪಕ್ಕಗಳಲ್ಲಿ ಕಾಲಿಂಚಿನ ಅಂತರದಲ್ಲಿ ಮೂರು ಸಾಲು ಹೊಲಿಗೆಗಳಿದ್ದವು. ಮೊದಲು ಹೊಲಿದವರು ಮುಂದೆ ಮೈ ತುಂಬಿದಾಗ ಬೇಕಾಗುತ್ತದೆಂದು ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದರು. ಮೈಗೆ ಹತ್ತಿರವಿದ್ದ ಸಾಲನ್ನು ಬ್ಲೇಡಿನ ತುದಿಯಿಂದ ಮೂರು ನಾಲ್ಕು ಹೊಲಿಗೆಗೊಮ್ಮೆ ಕೊಯ್ದು ದಾರ ಎಳೆದೆ. ಎರಡನೆಯ ಸಾಲು ರವಿಕೆಯನ್ನು ಹಿಡಿದುಕೊಂಡಿತು, ಎರಡು ಪಕ್ಕವೂ ಸೇರಿ ಸುತ್ತಳತೆ ಒಂದಿಂಚು ಹೆಚ್ಚಿತು. ಈ ಇಡೀ ಕೆಲಸದಲ್ಲಿ ಸೂಜಿಗೆ ದಾರ ಪೋಣಿಸುವ ಪ್ರಸಂಗವೇ ಬರಲಿಲ್ಲ. ಬಿಚ್ಚುವುದಷ್ಟೇ ಆದ ಕೆಲಸವನ್ನು ಮರುಹೊಲಿಗೆ ಎಂದು ನಾನು ಹೇಗೆ ಕರೆಯಲಿ?

ಇನ್ನು ಪರಪದದ ಮಾತು. ಹೊಲಿಗೆಯ ಡಬ್ಬಿಯನ್ನು ತೆರೆದರೆ ಮೊದಲು ಕೈಗೆ ಸಿಗುವ ಸೂಜಿಯೇ ‘ಸೂಚಿ’ಯ ತದ್ಭವ. ಗುಂಡಿ ಕನ್ನಡದ್ದು, ಆದರೆ ಅದು ತೂರಿಕೊಳ್ಳುವ ಕಾಜ ಪೋರ್ಚುಗೀಸರ ‘ಕಾಸಾ’, ಅಂದರೆ ಮನೆ. ಇಸ್ತ್ರಿಯೂ ಅವರಿಂದಲೇ ಬಂದದ್ದು, ಜೇಬು ಅರಬ್ಬಿಯಿಂದ. ‘ಹೊಲಿಗೆ ಯಂತ್ರ’ವೂ ತಮ್ಮ ಲೆಕ್ಕದಲ್ಲಿ ಅರಿಸಮಾಸವೇ, ಆದರೂ ಅದನ್ನು ಬಿಡಿರೆಂದು ತಾವು ನನಗೆ ಹೇಳಲಿಲ್ಲ. 12ನೆಯ ಶತಮಾನದ ಶರಣ ರಾಮಿತಂದೆಯನ್ನು ನಾವು ಇಂದಿಗೂ ಗೌರವದಿಂದ ‘ಸೂಜಿಕಾಯಕದ ರಾಮಿತಂದೆ’ ಎನ್ನುತ್ತೇವೆ. ಅಲ್ಲಿ ಸೂಜಿ ತದ್ಭವ, ಕಾಯಕ ಸಂಸ್ಕೃತದ್ದು, ಹಾಗಿದ್ದೂ ಆ ಹೆಸರು ಕನ್ನಡದ ಹೆಸರಲ್ಲವೆಂದು ಹೇಳಲು ನನಗೆ ನಾಲಿಗೆ ಏಳದು.

ಆದ್ದರಿಂದ ‘ಆಲ್ಟರೇಷನ್’ ಹೊರಗಿನಿಂದ ಬಂತೆಂಬುದು ನನ್ನ ತಕರಾರಲ್ಲ. ಬಟ್ಟೆ ತರುವವರ ಬಾಯಲ್ಲಿ ಅದಕ್ಕಿಂತ ಸ್ಪಷ್ಟವಾದ ಮಾತು ಆಗಲೇ ಇದೆ ಎಂಬುದೇ ತಕರಾರು. ಆ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದ್ದು, “ಒಂದು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡ್ತೀಯೇನೇ?” ಎಂದು. ಸೊಸೆಯ ಚೂಡಿದಾರ ದೊಗಳೆಯಾಗಿದ್ದರೆ ಅವರೇ “ಎರಡೂ ಪಕ್ಕ ಸ್ವಲ್ಪ ಹಿಡಿದುಕೊಡು” ಎನ್ನುತ್ತಾರೆ. ಬಿಚ್ಚು, ಹಿಡಿ, ಸಡಿಲ ಮಾಡು, ಬಿಗಿ ಮಾಡು: ಯಾವ ಕೆಲಸ ಆಗಬೇಕೆಂಬುದು ಈ ಕ್ರಿಯಾಪದಗಳಲ್ಲೇ ಇದೆ. ಒಂದೇ ನಾಮಪದ ಬೇಕೆಂದು ಪ್ರಶ್ನೆಯಲ್ಲಿ ಪಟ್ಟು ಹಿಡಿದದ್ದು ನನ್ನದೇ ತಪ್ಪು, ಅದು ಇಂಗ್ಲಿಷ್ ಬೋರ್ಡುಗಳನ್ನು ನೋಡಿ ಬಂದ ಅಭ್ಯಾಸ.

ಹಾಗಾಗಿ ‘ಹೊಲಿದ ಬಟ್ಟೆಯನ್ನು ಅಳತೆಗೆ ತಕ್ಕಂತೆ ಬಿಗಿ, ಸಡಿಲ ಮಾಡಿಕೊಡಲಾಗುವುದು’ ಎಂದು ಬರೆಸಲು ನಿಶ್ಚಯಿಸಿದ್ದೇನೆ. ‘ಬಿಗಿ’ ಮತ್ತು ‘ಸಡಿಲ’ಗಳ ನಡುವೆ ಅಲ್ಪವಿರಾಮ ಇರಲೋ, ಅಥವಾ ದ್ವಂದ್ವವಾಗಿ ‘ಬಿಗಿಸಡಿಲ’ ಎಂದು ಕೂಡಿಸಿ ಬರೆಸಲೋ ಎಂಬುದಷ್ಟೇ ಈಗ ಉಳಿದಿರುವ ಸಂದೇಹ. ಬೋರ್ಡಿನ ಅಗಲ ಎರಡೂವರೆ ಅಡಿ ಮಾತ್ರ. ಭಾನುವಾರ ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.